ಬೀಟ್ ಕಟ್ಟುವವರ ಮೇಜಿಗೆ ಮುಂದೇನು ಬರಬೇಕು?

ಹಿಪ್ ಹಾಪ್ ಬೀಟ್ ಕಟ್ಟಲು ಕಲಿತವರೆಲ್ಲರ ಎದುರು ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದು ನಿಲ್ಲುತ್ತದೆ: ಕೈಯಲ್ಲಿರುವ ಒಂದು ಸ್ಯಾಂಪ್ಲರ್ ಸಾಕೇ, ಇನ್ನೊಂದು ಬೇಕೇ? ಇರುವುದನ್ನು ಮಾರಿ ದೊಡ್ಡದನ್ನು ಕೊಳ್ಳಬೇಕೇ, ಅದರ ಪಕ್ಕಕ್ಕೇ ಒಂದು ಡ್ರಮ್ ಮಷಿನ್ನೋ ಸಿಂಥೋ ತಂದಿಡಬೇಕೇ? ಆಲ್ ಓಕೆ, ಎಂ.ಸಿ. ಬಿಜ್ಜು, ರಾಹುಲ್ ಡಿಟ್-ಓ ಮುಂತಾದವರಿಂದ ಕನ್ನಡ ರ‍್ಯಾಪ್‌ಗೆ ಕೇಳುಗರು ಸಿಕ್ಕ ಮೇಲೆ, ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿ ಲ್ಯಾಪ್‌ಟಾಪ್ ಎದುರು ಕೂತ ಎಳೆಯರಿಗೂ ಇದು ತಿಂಗಳ ಸಂಬಳ ಹಿಡಿದು ಲೆಕ್ಕ ಹಾಕಬೇಕಾದ ಪ್ರಶ್ನೆಯಾಗಿದೆ. ನನ್ನ ಉತ್ತರ ಇಷ್ಟು. ಈಗಿರುವ ಯಂತ್ರ ತನ್ನನ್ನು ಯಾವ ಕೆಲಸದಲ್ಲಿ ತಡೆಯಿತು ಎಂದು ಒಂದೇ ವಾಕ್ಯದಲ್ಲಿ ಹೇಳಬಲ್ಲವರು ಹೊಸದಕ್ಕೆ ದುಡ್ಡು ಹಾಕಲಿ. ಹೇಳಲಾಗದವರು ಸದ್ಯಕ್ಕೆ ಹಾಕುವುದು ಬೇಡ. ಆ ವಾಕ್ಯವನ್ನು ಪ್ರಾಮಾಣಿಕವಾಗಿ ಬರೆದು ನೋಡಿದರೆ, ಇವತ್ತಿನ ಕಾಲದಲ್ಲಿ ಬಹುಪಾಲು ತಡೆ ಇರುವುದು ಯಂತ್ರಕ್ಕೆ ಉಣಿಸುವ ಸದ್ದಿನಲ್ಲಿ ಅಥವಾ ಅದರಿಂದ ಹೊರಬಂದದ್ದನ್ನು ಕೇಳುವ ಕೋಣೆಯಲ್ಲಿ ಎಂಬುದು ಗೊತ್ತಾಗುತ್ತದೆ. ಈ ಮಾತಿಗೆ ಹಿಪ್ ಹಾಪ್ ಯಂತ್ರಗಳ ಚರಿತ್ರೆಯೇ ಆಧಾರ.

1987ರಲ್ಲಿ ಕ್ಯಾಲಿಫೋರ್ನಿಯಾದ ಇ-ಮು ಕಂಪನಿ ಎಸ್‌ಪಿ-1200 ಎಂಬ ಯಂತ್ರವನ್ನು ಹೊರತಂದಿತು. ನ್ಯೂಯಾರ್ಕಿನ ಹಿಪ್ ಹಾಪ್‌ಗೆ ತೊಂಬತ್ತರ ದಶಕದಲ್ಲಿ ಬಂದ ಒರಟು ದನಿಯ ಬಹುಪಾಲನ್ನು ಕೊಟ್ಟದ್ದು ಇದೇ. ಅದರ ನೆನಪಿನ ಶಕ್ತಿ ಒಟ್ಟು ಹತ್ತು ಸೆಕೆಂಡು. ಒಂದು ಸ್ಯಾಂಪಲ್ಲಿಗೆ ಸಿಗುವುದು ಹೆಚ್ಚೆಂದರೆ ಎರಡೂವರೆ ಸೆಕೆಂಡು. ಈ ಅಂಕಿಗಳ ಅರ್ಥವನ್ನು ಬೀಟ್ ಕಟ್ಟುವವರ ಕಡೆಯಿಂದ ನೋಡಬೇಕು. ನಿಮಿಷಕ್ಕೆ 90 ಬಡಿತದ ಹಾಡಿನಲ್ಲಿ ನಾಲ್ಕು ಬಡಿತದ ಒಂದು ಬಾರ್ ಮುಗಿಯಲು ಸುಮಾರು 2.67 ಸೆಕೆಂಡು ಬೇಕು. ಅಂದರೆ ಹಿಪ್ ಹಾಪ್‌ನ ಸಾಮಾನ್ಯ ವೇಗದಲ್ಲಿ ಒಂದೇ ಒಂದು ಬಾರನ್ನೂ ಆ ಯಂತ್ರ ಇಡಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ಅದಕ್ಕೆ ಹುಡುಗರು ಕಂಡುಕೊಂಡ ದಾರಿ ಹೀಗಿತ್ತು: ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಎಲ್‌ಪಿಯನ್ನು 45ಕ್ಕೆ ಇಟ್ಟು ಓಡಿಸುವುದು, ಆ ಕೀರಲು ದನಿಯನ್ನೇ ಯಂತ್ರಕ್ಕೆ ಹಾಕುವುದು, ಆಮೇಲೆ ಯಂತ್ರದ ಒಳಗೆ ಶ್ರುತಿ ಇಳಿಸಿ ಮೊದಲಿನ ವೇಗಕ್ಕೆ ತರುವುದು. ಎರಡೂವರೆ ಸೆಕೆಂಡಿನ ಜಾಗದಲ್ಲಿ ಈಗ ಸುಮಾರು 3.37 ಸೆಕೆಂಡಿನ ಸಂಗೀತ ಕೂರುತ್ತದೆ, ಒಂದು ಬಾರ್ ಸಲೀಸಾಗಿ ಹಿಡಿಯುತ್ತದೆ. ಆದರೆ ಯಂತ್ರ ಸದ್ದನ್ನು ದಾಖಲಿಸುತ್ತಿದ್ದುದು 12 ಬಿಟ್‌ನಲ್ಲಿ, ಸೆಕೆಂಡಿಗೆ ಸುಮಾರು 26 ಸಾವಿರ ಬಾರಿ. ಅಷ್ಟರಲ್ಲಿ ಶ್ರುತಿ ಇಳಿಸಿದಾಗ ಮೂಲದಲ್ಲಿ ಇಲ್ಲದ ಲೋಹದ ಮೊನಚೊಂದು, ತರಿತರಿಯಾದ ಗರಗರ ಒಂದು, ಸದ್ದಿಗೆ ಅಂಟಿಕೊಳ್ಳುತ್ತಿತ್ತು. ಜಾಗ ಉಳಿಸಲು ಮಾಡಿದ ಉಪಾಯದ ಅಡ್ಡಪರಿಣಾಮವೇ ಒಂದು ಕಾಲದ ರುಚಿಯಾಗಿ ನಿಂತಿತು. ಬೀಟ್ ನಿರ್ಮಾಪಕ ಪೀಟ್ ರಾಕ್ 1992ರಲ್ಲಿ ಇದೇ ಯಂತ್ರದ ಮೇಲೆ ಕಟ್ಟಿದ 'ದೇ ರೆಮಿನಿಸ್ ಓವರ್ ಯು' ಹಾಡಿನ ಸ್ಯಾಕ್ಸೋಫೋನನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಆ ಕಾಲದ ದನಿಯ ಗುಣ ಕಿವಿಗೆ ಸಿಗುತ್ತದೆ.

ಇಲ್ಲಿಗೆ ನಿಲ್ಲಿಸಿ, ಕೊರತೆಯಿಂದಲೇ ಕಲೆ ಹುಟ್ಟುತ್ತದೆ, ಆದ್ದರಿಂದ ಏನನ್ನೂ ಕೊಳ್ಳಬೇಡಿ ಎಂದು ಉಪದೇಶ ಮಾಡುವುದು ಬಹಳ ಮಂದಿಯ ರೂಢಿ. ಚರಿತ್ರೆ ಹಾಗೆ ಹೇಳುವುದಿಲ್ಲ. ಅದೇ ಪೀಟ್ ರಾಕ್ ತನ್ನ ಎಸ್‌ಪಿ-1200ರ ಪಕ್ಕಕ್ಕೆ ಅಕಾಯಿ ಕಂಪನಿಯ ಎಸ್950 ಎಂಬ ಇನ್ನೊಂದು ಸ್ಯಾಂಪ್ಲರನ್ನು ತಂದಿಟ್ಟುಕೊಂಡರು. ಗ್ಯಾಂಗ್ ಸ್ಟಾರ್ ಜೋಡಿಯ ಡಿಜೆ ಪ್ರೀಮಿಯರ್ ಅದೇ ಎಸ್950ಯನ್ನು ಎಂಪಿಸಿ60 ಎಂಬ ಪ್ಯಾಡ್‌ಗಳಿರುವ ಯಂತ್ರಕ್ಕೆ ಜೋಡಿಸಿದರು. ಯಾಕೆ ಎಂಬುದು ಮುಖ್ಯ. ಎಸ್950ಗೆ ಪ್ಯಾಡ್‌ಗಳಿಲ್ಲ, ತಾಳ ಹೆಣೆಯುವ ಸೌಲಭ್ಯವಿಲ್ಲ; ರ‍್ಯಾಕಿನಲ್ಲಿ ಕೂರುವ ಒಂದು ಡಬ್ಬಿ ಅದು. ಅದರಲ್ಲಿದ್ದದ್ದು ಹೆಚ್ಚಿನ ಸ್ಯಾಂಪಲ್ ಸಮಯ, ಜೊತೆಗೆ ಒಂದು ಫಿಲ್ಟರ್. ಆ ಫಿಲ್ಟರನ್ನು ಮುಚ್ಚುತ್ತ ಹೋದರೆ ಜಾಝ್ ರೆಕಾರ್ಡಿನ ತುಣುಕಿನಿಂದ ಪಿಯಾನೊ, ತುತ್ತೂರಿ, ಸಿಂಬಲ್ ಒಂದೊಂದಾಗಿ ಮರೆಯಾಗಿ ಕೊನೆಗೆ ಬೇಸ್ ಮಾತ್ರ ಉಳಿಯುತ್ತದೆ. ಹಾಗೆ ಸೋಸಿದ ಬೇಸನ್ನು ಒಂದು ಪದರವಾಗಿ ಹಾಸಿ, ಅದೇ ತುಣುಕನ್ನು ಸೋಸದೆ ಮೇಲೆ ಹಾಕಿದರೆ ಒಂದೇ ರೆಕಾರ್ಡಿನಿಂದ ಎರಡು ವಾದ್ಯ ಸಿಕ್ಕಂತಾಯಿತು. ಡ್ರಮ್ಮಿಗೇ ಹತ್ತು ಸೆಕೆಂಡು ಮುಗಿದುಹೋಗುವಾಗ ಬೇಸಿಗೆ ಜಾಗ ಎಲ್ಲಿ ಎಂಬುದು ಪೀಟ್ ರಾಕ್ ಮುಂದಿದ್ದ ತಡೆ. ಎಸ್950 ಆ ತಡೆಗೆ ಮಾತ್ರ ಉತ್ತರ. ಯಂತ್ರ ಕೂಡಿಸಿಕೊಳ್ಳುವುದೆಂದರೆ ಹೀಗಿರಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಎರಡನೆಯ ಯಂತ್ರಕ್ಕೆ ಒಂದು ನಿರ್ದಿಷ್ಟ ಕೆಲಸವಿತ್ತು, ಮೊದಲನೆಯದು ಅದನ್ನು ಮಾಡಲಾರದು ಎಂಬುದು ಕೈಗೆ ಗೊತ್ತಿತ್ತು.

ಡೆಟ್ರಾಯಿಟ್‌ನ ಜೆ ಡಿಲ್ಲಾ ಇನ್ನೊಂದು ಬಗೆಯ ಸಾಕ್ಷಿ. ರೋಜರ್ ಲಿನ್ ವಿನ್ಯಾಸ ಮಾಡಿದ, 1994ರಲ್ಲಿ ಬಂದ ಎಂಪಿಸಿ3000 ಅವರ ಹೆಸರಿನೊಂದಿಗೆ ಬೆರೆತುಹೋಗಿದೆ. ಅವರು ಬಳಸಿದ ಯಂತ್ರ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಯಂತ್ರದಿಂದ ಡಿಲ್ಲಾ ತೆಗೆದದ್ದು ಕಾಲದ ಸೂಕ್ಷ್ಮವನ್ನು. ಎಂಪಿಸಿ ಒಂದು ಬಡಿತವನ್ನು 96 ಭಾಗ ಮಾಡುತ್ತದೆ. ನಿಮಿಷಕ್ಕೆ 90 ಬಡಿತವಿದ್ದರೆ ಒಂದು ಭಾಗಕ್ಕೆ ಸುಮಾರು 7 ಮಿಲಿಸೆಕೆಂಡು. ಲಿನ್ ತಮ್ಮ ಯಂತ್ರಗಳಲ್ಲಿ ಅಳವಡಿಸಿದ ಸ್ವಿಂಗ್ ಎಂಬ ಸೌಲಭ್ಯ ಪ್ರತಿ ಜೋಡಿ ಹದಿನಾರನೆಯ ಸ್ವರಗಳಲ್ಲಿ ಎರಡನೆಯದನ್ನು ತಡವಾಗಿ ನುಡಿಸುತ್ತದೆ. ಶೇಕಡಾ 50 ಎಂದರೆ ಸಮನಾದ ನಡೆ. 66 ಎಂದರೆ ನಮ್ಮ ತಿಶ್ರದ ನಡೆಗೆ ಬಂದಂತೆ. ಇವೆರಡರ ನಡುವೆ 58ಕ್ಕೆ ಇಟ್ಟರೆ ಅದೇ 90ರ ವೇಗದಲ್ಲಿ ಆ ಎರಡನೆಯ ಹೈಹ್ಯಾಟ್ ಸುಮಾರು 27 ಮಿಲಿಸೆಕೆಂಡು ತಡವಾಗುತ್ತದೆ. ಎಣಿಸಿ ಹೇಳಲು ಬಾರದಷ್ಟು ಚಿಕ್ಕದು, ತಲೆ ತಾನಾಗಿ ತೂಗುವಷ್ಟು ದೊಡ್ಡದು. ಡಿಲ್ಲಾ ಇನ್ನೂ ಮುಂದೆ ಹೋಗಿ ಕಿಕ್ಕು, ಸ್ನೇರು, ಹೈಹ್ಯಾಟುಗಳನ್ನು ಬೇರೆ ಬೇರೆಯಾಗಿ ಹಿಂದೆ ಮುಂದೆ ಸರಿಸಿ, ಒಂದೇ ಬಾರಿನಲ್ಲಿ ಒಂದಕ್ಕಿಂತ ಹೆಚ್ಚು ನಡೆಗಳನ್ನು ಕೂರಿಸಿದರು. ಇದಕ್ಕೆ ಬೇಕಾದ ಗುಂಡಿಗಳು ಆ ಯಂತ್ರ ಕೊಂಡ ಎಲ್ಲರ ಕೈಯಲ್ಲೂ ಇದ್ದವು. ಎಲ್ಲರೂ ಹೋಗದ ಆಳಕ್ಕೆ ಒಬ್ಬರು ಹೋದರು, ಒಂದೇ ಯಂತ್ರದ ಜೊತೆ ವರ್ಷಗಟ್ಟಲೆ ಕೂತು. ಪ್ರತಿ ಆರು ತಿಂಗಳಿಗೆ ಯಂತ್ರ ಬದಲಿಸುವವರಿಗೆ ಈ ಆಳ ಸಿಗುವುದು ಕಷ್ಟ. ಹೊಸ ಯಂತ್ರದ ಮೆನು ಕಲಿಯುವುದರಲ್ಲೇ ಆ ಕಾಲ ಕಳೆಯುತ್ತದೆ.

ಇಲ್ಲಿ ಬರುವ ಒಂದು ಆಕ್ಷೇಪ ಸಾಚಾ ಆಕ್ಷೇಪ. ಬಡವರ ಮಕ್ಕಳಿಗೆ 'ಇದ್ದುದರಲ್ಲೇ ಮಾಡಿ' ಎಂದು ಹೇಳುವುದು ಉಳ್ಳವರಿಗೆ ಬಲು ಸುಲಭ. ಹಿಪ್ ಹಾಪ್ ಕೊರತೆಯ ಕಲೆ ಎಂದು ಕೊಂಡಾಡುವುದರಲ್ಲಿ ಆ ಕೊರತೆಯನ್ನು ಅವರ ಪಾಲಿಗೇ ಬಿಟ್ಟುಬಿಡುವ ಅನ್ಯಾಯವಿದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೊರತೆಯ ಕತೆ ವಾಸ್ತವಕ್ಕೂ ದೂರ. ಎಂಪಿಸಿ60 ಬಂದಾಗ ಅದರ ಬೆಲೆ ಸುಮಾರು 5,000 ಡಾಲರ್. ಎಸ್‌ಪಿ-1200 ಕೂಡ ಸಾವಿರಗಟ್ಟಲೆ ಡಾಲರಿನದು. ಬ್ರಾಂಕ್ಸಿನಲ್ಲೂ ಕ್ವೀನ್ಸಿನಲ್ಲೂ ಅವು ಎಲ್ಲರ ಮನೆಯ ವಸ್ತುಗಳಾಗಿರಲಿಲ್ಲ. ಬಹಳ ಮಂದಿ ಅವನ್ನು ಮೊದಲು ಮುಟ್ಟಿದ್ದು ಇನ್ನೊಬ್ಬರ ಸ್ಟುಡಿಯೊದಲ್ಲಿ. ಲಾರ್ಜ್ ಪ್ರೊಫೆಸರ್ ಎಸ್‌ಪಿ-1200ರ ಒಳಹೊರಗನ್ನು ಕಲಿತದ್ದು ಕ್ವೀನ್ಸಿನ ಎಂಜಿನಿಯರ್ ಪಾಲ್ ಸಿ ಅವರಿಂದ. ಯಂತ್ರವೊಂದು ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ದಾಟಿದ ಬಗೆ ಇದು. ಆದ್ದರಿಂದ ನನ್ನ ವಾದ ಕಡಿಮೆ ಖರ್ಚು ಮಾಡಿ ಎಂಬುದಲ್ಲ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಯಾವ ಕಡೆ ಹೋದರೆ ಬೀಟ್ ಬದಲಾಗುತ್ತದೆ ಎಂಬ ಲೆಕ್ಕ ಇದು, ಮತ್ತು ದುಡ್ಡು ಕಡಿಮೆಯಿದ್ದವರಿಗೇ ಈ ಲೆಕ್ಕ ಹೆಚ್ಚು ಅಗತ್ಯ.

ಆ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಆಗಿರುವುದು ನೆನಪಿನ ಶಕ್ತಿಯ ವಿಷಯದಲ್ಲಿ. ರೋಲಾಂಡ್ 2021ರಲ್ಲಿ ತಂದ ಎಸ್‌ಪಿ-404ಎಂಕೆ2, ಒಂದು ಚೀಲದಲ್ಲಿ ಹಿಡಿಸುವ ಯಂತ್ರ, ಒಳಗೇ 16 ಗಿಗಾಬೈಟ್ ಜಾಗ ಇಟ್ಟುಕೊಂಡಿದೆ. ಎಸ್‌ಪಿ-1200ರ ಹತ್ತು ಸೆಕೆಂಡಿನ ಎದುರು ಇದು ಕೊನೆಯೇ ಇಲ್ಲದಷ್ಟು. ಪೀಟ್ ರಾಕ್‌ಗೆ ಎಸ್950 ಬಗೆಹರಿಸಿಕೊಟ್ಟ ಕಷ್ಟ ಇವತ್ತು ಅಗ್ಗದ ಸಾಧನಗಳಲ್ಲೂ ಉಳಿದಿಲ್ಲ. ನೈಂತ್ ವಂಡರ್ 2003ರಲ್ಲಿ ಜೇ-ಝಿಯ 'ದ ಬ್ಲ್ಯಾಕ್ ಆಲ್ಬಂ'ಗೆ ಕೊಟ್ಟ ಬೀಟ್ ತಯಾರಾದದ್ದು ಕಂಪ್ಯೂಟರಿನ ಫ್ರೂಟಿಲೂಪ್ಸ್ ಸಾಫ್ಟ್‌ವೇರಿನಲ್ಲಿ. ಮ್ಯಾಡ್‌ಲಿಬ್ 'ಮ್ಯಾಡ್‌ವಿಲನಿ' ಆಲ್ಬಮ್ಮಿನ ಹಲವು ಬೀಟ್‌ಗಳನ್ನು ಬ್ರೆಜಿಲ್‌ನ ಹೋಟೆಲ್ ಕೋಣೆಯಲ್ಲಿ ಒಂದು ಬಾಸ್ ಎಸ್‌ಪಿ-303, ಒಯ್ಯಬಹುದಾದ ಪುಟ್ಟ ಟರ್ನ್‌ಟೇಬಲ್, ಒಂದು ಕ್ಯಾಸೆಟ್ ಡೆಕ್ ಇಟ್ಟುಕೊಂಡು ಮಾಡಿದರು. 2019ರ 'ಬಂಡಾನಾ' ಆಲ್ಬಮ್ಮಿನ ಬೀಟ್‌ಗಳನ್ನು ಐಪ್ಯಾಡಿನಲ್ಲಿ ಕಟ್ಟಿದ್ದಾಗಿ ಅವರೇ ಹೇಳಿದ್ದಾರೆ. ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಯಂತ್ರ ಎಷ್ಟು ಚಿಕ್ಕದು ಎಂಬುದಕ್ಕಿಂತ ಅದರ ಜೊತೆ ಏನಿತ್ತು ಎಂಬುದು. ಪರದೇಶಕ್ಕೆ ಹೋದಾಗಲೂ ಮ್ಯಾಡ್‌ಲಿಬ್ ಟರ್ನ್‌ಟೇಬಲ್ ಬಿಡಲಿಲ್ಲ. ಅಂದರೆ ಒಳಗೆ ಹೋಗುವ ಸದ್ದಿನ ದಾರಿಯನ್ನು ಕಿರಿದು ಮಾಡಲಿಲ್ಲ.

ಒಳಗೆ ಹೋಗುವ ಸದ್ದಿನ ವಿಷಯಕ್ಕೆ ಬರುವ ಮೊದಲು ಹೊರಗೆ ಬರುವ ಸದ್ದನ್ನು ನೋಡೋಣ, ಯಾಕೆಂದರೆ ನಮ್ಮಲ್ಲಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲಿ. ಹತ್ತು ಅಡಿ ಅಗಲ ಹನ್ನೆರಡು ಅಡಿ ಉದ್ದದ ಸಾಮಾನ್ಯ ಕೋಣೆಯೊಂದನ್ನು ತೆಗೆದುಕೊಳ್ಳಿ. ಟಿಆರ್-808 ಡ್ರಮ್ ಮಷಿನ್ ಮಾದರಿಯ ಉದ್ದನೆಯ ಕಿಕ್ಕಿನ ತಳಸ್ವರ 50 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಆ ಅಲೆಯ ಉದ್ದ ಸುಮಾರು 7 ಮೀಟರ್, ಕೋಣೆಯ ಉದ್ದಕ್ಕೆ ಹತ್ತಿರಹತ್ತಿರ ಎರಡರಷ್ಟು. ಹನ್ನೆರಡು ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಅಲೆ ನಿಂತಲ್ಲೇ ನಿಂತುಬಿಡುತ್ತದೆ: ಗೋಡೆಗಳ ಹತ್ತಿರ ಒತ್ತಡ ಅತಿ ಹೆಚ್ಚು, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ಹತ್ತು ಅಡಿಯ ಕಡೆ ಇದೇ ಆಟ 56 ಹರ್ಟ್ಸ್‌ನಲ್ಲಿ ನಡೆಯುತ್ತದೆ. ಎರಡರ ನಡುವೆ ಸಿಕ್ಕಿಕೊಂಡಿರುವುದು ನಮ್ಮ ಕಿಕ್ಕು. ಕೋಣೆಯ ಮಧ್ಯೆ ಕುರ್ಚಿ ಹಾಕಿ ಕೂತವರಿಗೆ ಬೇಸ್ ಸಾಲದು ಎನಿಸಿ ಅವರು ಏರಿಸುತ್ತಾರೆ. ಹಿಂದಿನ ಗೋಡೆಗೆ ಒರಗಿದ ಮಂಚದ ಮೇಲೆ ಕೂತು ಕಟ್ಟುವವರಿಗೆ ಅತಿಯಾಯಿತು ಎನಿಸಿ ಇಳಿಸುತ್ತಾರೆ. ಎರಡೂ ಬೀಟ್‌ಗಳು ಮರುದಿನ ಗೆಳೆಯನ ಕಾರಿನಲ್ಲಿ ಬೇರೆಯೇ ಆಗಿ ಕೇಳಿಸುತ್ತವೆ. ಆಗ ಬರುವ ತೀರ್ಮಾನ ಸಾಮಾನ್ಯವಾಗಿ ಒಂದೇ: ಈ ಯಂತ್ರದಲ್ಲಿ ಬೇಸ್ ಗಟ್ಟಿಯಿಲ್ಲ, ಅನಲಾಗ್ ಸಿಂಥ್ ಒಂದು ಬೇಕು. ಆ ಸಿಂಥ್ ಬಂದು ಅದೇ ಕೋಣೆಯಲ್ಲಿ ಕೂರುತ್ತದೆ, ಅದೇ ತಪ್ಪು ಮಾಡಿಸುತ್ತದೆ. ಇದಕ್ಕೆ ಮೊದಲ ಪರಿಹಾರಕ್ಕೆ ಕಾಸು ಬೇಡ: ಕುರ್ಚಿಯನ್ನು ನಡುವಿನಿಂದ ಮುಂದಕ್ಕೆ ಸರಿಸಿ, ಎದುರಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗ ದಾಟಿದ ಜಾಗದಲ್ಲಿ ಹಾಕಿ ಕೇಳಿ ನೋಡುವುದು. ಗೋಡೆಗೆ ಅಂಟಿಸುವ ಒಂದಿಂಚಿನ ಫೋಮ್ ಮೇಲಿನ ಸ್ವರಗಳ ಮಾರ್ದನಿಯನ್ನು ತಗ್ಗಿಸುತ್ತದೆಯೇ ಹೊರತು ಬೇಸನ್ನು ಮುಟ್ಟುವುದಿಲ್ಲ. ಬಡಗಿಯಿಂದ ಚೌಕಟ್ಟು ಮಾಡಿಸಿ ದಪ್ಪನೆಯ ರಾಕ್‌ವೂಲ್ ತುಂಬಿ ಮೂಲೆಗಳಲ್ಲಿ ನಿಲ್ಲಿಸಿದರೆ ತಕ್ಕ ಮಟ್ಟಿಗೆ ನೆರವಾಗುತ್ತದೆ. ಅದಕ್ಕೂ ಅನುಕೂಲವಿಲ್ಲದವರು ದೊಡ್ಡ ಸ್ಪೀಕರಿಗೆ ಹೋಗದೆ ನಂಬಿಕಸ್ತ ಹೆಡ್‌ಫೋನ್ ಒಂದನ್ನು ಕೊಳ್ಳುವುದು ಮೇಲು, ಯಾಕೆಂದರೆ ಹೆಡ್‌ಫೋನಿಗೂ ಕೋಣೆಗೂ ಸಂಬಂಧವಿಲ್ಲ. ಈ ಖರ್ಚು ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಮೇಜಿನ ಮೇಲೆ ದೀಪ ಮಿನುಗಿಸುವುದಿಲ್ಲ. ಆದರೆ ಮುಂದೆ ಕಟ್ಟುವ ಪ್ರತಿ ಬೀಟಿಗೂ ಇದರ ಫಲ ತಟ್ಟುತ್ತದೆ.

ಇನ್ನು ಒಳಗೆ ಹೋಗುವ ಸದ್ದು. ಡಿಜೆ ಶ್ಯಾಡೋ 1996ರಲ್ಲಿ ತಂದ 'ಎಂಡ್‌ಟ್ರೊಡ್ಯೂಸಿಂಗ್' ಆಲ್ಬಮ್ಮು ಪೂರ್ತಿ ಸ್ಯಾಂಪಲ್ಲುಗಳಿಂದಲೇ ಕಟ್ಟಿದ್ದೆಂದು ಗಿನ್ನೆಸ್ ದಾಖಲೆಗೆ ಸೇರಿತು. ಅದರ ಹಿಂದಿದ್ದ ಮುಖ್ಯ ಯಂತ್ರ ಒಂದು ಎಂಪಿಸಿ60. ಅದರ ಬೆನ್ನಿಗಿದ್ದದ್ದು ರೆಕಾರ್ಡ್ ಅಂಗಡಿಗಳಲ್ಲಿ ಧೂಳು ಕುಡಿದು ಆರಿಸಿದ ರಾಶಿ; ಆಲ್ಬಮ್ಮಿನ ಮುಖಚಿತ್ರವೇ ಸ್ಯಾಕ್ರಮೆಂಟೊದ ಅಂಥ ಒಂದು ಅಂಗಡಿಯದು. ಮ್ಯಾಡ್‌ಲಿಬ್ 2007ರಲ್ಲಿ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಮಾಡಿದ್ದು ನಮ್ಮ ದೇಶದ ಸಿನಿಮಾ ಸಂಗೀತದ ರೆಕಾರ್ಡುಗಳನ್ನು ಹುಡುಕಿ. ಕಡಲಾಚೆಯವರಾದ ಅವರು ಹುಡುಕಿದ್ದು ನಮ್ಮವರ ಅಟ್ಟದ ಮೇಲೇ ಇದೆ. ಆದರೂ ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿರುವ ಸ್ಯಾಂಪಲ್ ಪ್ಯಾಕುಗಳ ಅದೇ ಪಿಯಾನೊ, ಅದೇ ಸ್ನೇರಿನ ಮೇಲೆ ಕನ್ನಡದ ಮಾತು ಹರಿಯುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಸದ್ದೇ ಹತ್ತು ಸಾವಿರ ಮಂದಿಯ ಕೈಯಲ್ಲಿ ಒಂದೇ ಆಗಿದ್ದರೆ ಯಂತ್ರ ಬದಲಿಸಿದರೂ ಬೀಟ್ ಬೇರೆಯಾಗುವುದು ಹೇಗೆ?

ಹಳೆಯ ಹಾಡನ್ನು ಕತ್ತರಿಸಿದರೆ ಕಾನೂನು ಬಿಡುತ್ತದೆಯೇ ಎಂದು ಕೇಳುವುದು ನ್ಯಾಯವೇ. ಬಿಡುವುದಿಲ್ಲ. ಅಮೆರಿಕದಲ್ಲಿ 1991ರಲ್ಲಿ ಬಿಝ್ ಮಾರ್ಕಿ ವಿರುದ್ಧ ಬಂದ ತೀರ್ಪಿನ ನಂತರ ಅನುಮತಿಯಿಲ್ಲದೆ ಸ್ಯಾಂಪಲ್ ಬಳಸುವುದೇ ಅಪಾಯದ ಕೆಲಸವಾಯಿತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಹಾಡಿನ ರಾಗಸಂಯೋಜನೆಯ ಹಕ್ಕು ಸಂಯೋಜಕರ ನಿಧನದ ನಂತರವೂ 60 ವರ್ಷ ಉಳಿಯುತ್ತದೆ. ಹೀಗಾಗಿ ಮುದ್ರಿಕೆ ಹಳೆಯದಾಯಿತೆಂದು ಧೈರ್ಯ ಮಾಡುವಂತಿಲ್ಲ, ಎರಡು ಹಕ್ಕುಗಳನ್ನೂ ನೋಡಬೇಕು. ಈ ಕಾರಣಕ್ಕೇ ಎರಡನೆಯ ಸ್ಯಾಂಪ್ಲರಿಗಿಂತ ಒಂದು ಗಟ್ಟಿಮುಟ್ಟಾದ ಡೈನಾಮಿಕ್ ಮೈಕು, ಎರಡು ಇನ್‌ಪುಟ್ಟಿನ ಆಡಿಯೊ ಇಂಟರ್‌ಫೇಸ್, ಅಥವಾ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಹೆಚ್ಚು ಬಾಳುವ ವಸ್ತು ಎನ್ನುತ್ತೇನೆ. ಊರಹಬ್ಬದ ತಮಟೆಯವರನ್ನು ಕೇಳಿ, ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಮೈಕನ್ನು ಚರ್ಮದಿಂದ ಒಂದೆರಡು ಅಡಿ ದೂರ ಓರೆಯಾಗಿ ಹಿಡಿದು ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ದಾಖಲಿಸಿಕೊಳ್ಳಿ: ತೆಳು ಕೋಲಿನ ಪೆಟ್ಟು, ದಪ್ಪ ಕೋಲಿನ ಪೆಟ್ಟು, ಬೆಂಕಿಗೆ ಕಾಯಿಸುವ ಮುಂಚಿನದು, ಕಾಯಿಸಿದ ನಂತರದ್ದು. ಹದಿನಾರು ಪ್ಯಾಡುಗಳ ಮೇಲೆ ಅದನ್ನು ಹಂಚಿದರೆ ಯಾವ ಅಂಗಡಿಯಲ್ಲೂ ಸಿಗದ ಡ್ರಮ್ ಕಿಟ್ಟೊಂದು ತಯಾರು. ಖಂಜಿರ, ಡೊಳ್ಳು, ಅಡುಗೆಮನೆಯ ಒರಳು, ಬಸ್ಸಿನ ಬಾಗಿಲಿಗೆ ಕಂಡಕ್ಟರು ಬಡಿಯುವ ಸದ್ದು, ಎಲ್ಲಕ್ಕೂ ಇದೇ ದಾರಿ.

ಹಳೆಯ ಯಂತ್ರಗಳ ದನಿಗೆ ಮರುಳಾದವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಎಸ್‌ಪಿ-1200ರ ಆ ಗರಗರ ಕಲ್ಪನೆಯಲ್ಲ, ಅಳೆದು ತೋರಿಸಬಹುದಾದದ್ದು. ಅದನ್ನು ಮೂಲತಃ ರೂಪಿಸಿದವರಲ್ಲೊಬ್ಬರಾದ ಡೇವ್ ರಾಸಮ್ 2021ರಲ್ಲಿ ಅದೇ ಯಂತ್ರವನ್ನು 3,999 ಡಾಲರಿಗೆ ಮತ್ತೆ ತಯಾರಿಸಿ ಮಾರಲು ಹೊರಟಿದ್ದೇ ಅದಕ್ಕಿರುವ ಬೇಡಿಕೆಗೆ ಗುರುತು. ತನ್ನ ಬೀಟಿಗೆ ಬೇಕಾದದ್ದು ಆ ದನಿಯೇ ಎಂದು ಕಿವಿಯಿಂದ ಬಲ್ಲವರಿಗೆ, ಅಷ್ಟು ತೆರಲು ಶಕ್ತಿಯಿದ್ದವರಿಗೆ ಅದು ಸರಿಯಾದ ಖರೀದಿ. ಅವರು ತಮ್ಮ ತಡೆಗೆ ಹೆಸರಿಟ್ಟಿದ್ದಾರೆ. ಹಾಗೆಯೇ ಪರದೆ ನೋಡುತ್ತ ಮೌಸ್ ಒತ್ತುತ್ತ ಕಟ್ಟುವಾಗ ಕೈ ತಾಳ ಮರೆಯುತ್ತದೆ, ಪ್ಯಾಡ್ ಬಡಿದರೆ ಮಾತ್ರ ಬೀಟ್ ಹುಟ್ಟುತ್ತದೆ ಎನ್ನುವವರಿಗೆ ಲ್ಯಾಪ್‌ಟಾಪ್ ಸಾಕೆಂದು ಹೇಳುವುದರಲ್ಲಿ ಅರ್ಥವಿಲ್ಲ. ಅವರ ಮೊದಲ ಯಂತ್ರ ಹದಿನಾರು ಪ್ಯಾಡಿನದೇ ಆಗಿರಲಿ.

ಎರಡನೆಯ ಯಂತ್ರ ನಿಜಕ್ಕೂ ಬೇಕಾಗಿ ಬಂದ ಮೇಲೆ ಅದನ್ನು ಜೋಡಿಸುವುದರಲ್ಲಿ ಎರಡು ತೊಡಕುಗಳಿವೆ, ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು. 1983ರಿಂದ ಬಳಕೆಯಲ್ಲಿರುವ ಮಿಡಿ ಎಂಬ ಏರ್ಪಾಡು ಯಂತ್ರಗಳ ವೇಗವನ್ನು ಒಂದುಗೂಡಿಸುತ್ತದೆ. ಒಂದು ಬಡಿತಕ್ಕೆ 24 ಸಂಕೇತ ಕಳಿಸಿ ಎರಡನ್ನೂ ಜೊತೆಯಲ್ಲಿ ನಡೆಸುತ್ತದೆ. ಆದರೆ ಅದು ಸ್ವಿಂಗನ್ನು ದಾಟಿಸುವುದಿಲ್ಲ. ಒಂದು ಯಂತ್ರದಲ್ಲಿ 58 ಇಟ್ಟು ಇನ್ನೊಂದರಲ್ಲಿ 50 ಬಿಟ್ಟರೆ ಮೇಲೆ ಹೇಳಿದ ಆ 27 ಮಿಲಿಸೆಕೆಂಡು ಅವೆರಡರ ಹೈಹ್ಯಾಟುಗಳ ನಡುವೆ ಬಿರುಕಾಗಿ ಕೇಳಿಸುತ್ತದೆ, ಮತ್ತು ಒಂದು ಕಂಪನಿಯ 58 ಇನ್ನೊಂದು ಕಂಪನಿಯ 58ಕ್ಕೆ ಸಮ ಎಂಬ ಖಾತರಿಯೂ ಇಲ್ಲ. ಸ್ವಿಂಗಿನ ಜವಾಬ್ದಾರಿಯನ್ನು ಒಂದೇ ಯಂತ್ರಕ್ಕೆ ಕೊಟ್ಟು, ಎರಡನೆಯದನ್ನು ಅದರ ಪ್ಯಾಡುಗಳಿಂದಲೇ ನುಡಿಸುವುದು ಪ್ರೀಮಿಯರ್ ಎಂಪಿಸಿಯಿಂದ ಎಸ್950ಯನ್ನು ನುಡಿಸಿದ ಕ್ರಮ. ಈಗಲೂ ಅದೇ ಚೊಕ್ಕ. ಇನ್ನೊಂದು ತೊಡಕು ನಮ್ಮ ಗೋಡೆಯ ಸಾಕೆಟ್ಟಿನದು. ಎರಡು ಯಂತ್ರಗಳನ್ನು ಬೇರೆ ಬೇರೆ ಸಾಕೆಟ್ಟುಗಳಿಗೆ ಸಿಕ್ಕಿಸಿ ಆಡಿಯೊ ಕೇಬಲ್ಲಿನಿಂದ ಜೋಡಿಸಿದಾಗ ಅರ್ತಿಂಗಿನ ಸುತ್ತು ಏರ್ಪಟ್ಟು ಒಂದು ಗುಂಯ್ ಸದ್ದು ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್‌ನದಾದ್ದರಿಂದ ಆ ಸದ್ದು ನೇರವಾಗಿ ಕಿಕ್ಕಿನ ಜಾಗಕ್ಕೇ ಬಂದು ಕೂರುತ್ತದೆ. ಎಲ್ಲವನ್ನೂ ಅರ್ತಿಂಗ್ ಸರಿಯಿರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದು, ಬ್ಯಾಲೆನ್ಸ್ಡ್ ಕೇಬಲ್ ಬಳಸಿದರೆ ಬಹುತೇಕ ನಿಲ್ಲುತ್ತದೆ. ಯುಎಸ್‌ಬಿಯಲ್ಲಿ ಜೋಡಿಸಿದಾಗ ಕೇಳಿಸುವ ಕಿರಿಕಿರಿ ಐದು ಪಿನ್ನಿನ ಹಳೆಯ ಮಿಡಿ ಕೇಬಲ್ಲಿಗೆ ಬದಲಾಯಿಸಿದೊಡನೆ ಹೋಗಿಬಿಡುವುದೂ ಉಂಟು, ಯಾಕೆಂದರೆ ಆ ಮಿಡಿಯ ಒಳದಾರಿಯಲ್ಲಿ ಸಂಕೇತ ಬೆಳಕಿನ ರೂಪದಲ್ಲಿ ದಾಟುತ್ತದೆ, ತಂತಿಯ ಸಂಪರ್ಕ ಅಲ್ಲಿ ಕಡಿದಿರುತ್ತದೆ. ಹೀಗಾಗಿ ಎರಡನೆಯ ಯಂತ್ರ ಆರಿಸುವಾಗ ಅದರ ಬೆನ್ನ ಮೇಲೆ ಐದು ಪಿನ್ನಿನ ಮಿಡಿ ಕಿಂಡಿ ಅಥವಾ ಅದರ ಬದಲಿಗೆ ಬರುವ ಚಿಕ್ಕ ಕಿಂಡಿ ಇದೆಯೇ ಎಂದು ಮೊದಲು ತಿರುಗಿಸಿ ನೋಡಿ.